ಎಪ್ಪತ್ತು ದಾಟಿ ಕುಂಚ ಹಿಡಿದ ಅಜ್ಜಿ

“ಇನ್ನು ನಮಗೆ ಯಾವ ವಿದ್ಯೆ? ವಯಸ್ಸು ಮೀರಿತು” ಎಂದು ಗಿರಣಿಯ ಗೆಳೆಯರು ಆಗಾಗ ನಿಟ್ಟುಸಿರು ಬಿಡುವುದುಂಟು. ನಾನೂ ಬಿಟ್ಟವನೇ. ಅಂಥವರಿಗಾಗಿ ಈ ಅಜ್ಜಿಯ ಕಥೆ.

ಆ್ಯನಾ ಮೇರಿ ರಾಬರ್ಟ್‌ಸನ್ 1860ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬೇಸಾಯದ ಮನೆತನದಲ್ಲಿ ಹುಟ್ಟಿದಳು. ಹನ್ನೆರಡನೆಯ ವಯಸ್ಸಿಗೇ ಪರರ ಮನೆಗೆಲಸಕ್ಕೆ ಹೋದಳು. 1887ರಲ್ಲಿ ಥಾಮಸ್ ಮೋಸೆಸ್ ಎಂಬ ರೈತನ ಕೈಹಿಡಿದು ವರ್ಜೀನಿಯಾದಲ್ಲಿ ಸಂಸಾರ ಹೂಡಿದಳು. ಹೆತ್ತ ಹತ್ತು ಮಕ್ಕಳಲ್ಲಿ ಉಳಿದವು ಐದೇ. ಬೆಣ್ಣೆ ಕಡೆದು, ಬಟಾಟೆ ಚಿಪ್ಸ್ ಕರಿದು ಮಾರಿ ಸಂಸಾರಕ್ಕೆ ಆಸರೆಯಾದಳು.

ಮುಪ್ಪಿನಲ್ಲಿ ಕೀಲುನೋವಿನಿಂದ ಸೂಜಿ ಹಿಡಿಯುವುದು ಕಷ್ಟವಾಯಿತು. ಆಗ ಕಸೂತಿ ಬಿಟ್ಟು ಕುಂಚ ಹಿಡಿದಳು. ಬರೆದದ್ದು ಪಟ್ಟ ಪಾಡನ್ನಲ್ಲ: ಹಿಮದ ಮೇಲೆ ಆಡುವ ಮಕ್ಕಳು, ಮೇಪಲ್ ಮರದ ರಸ ಕಾಯಿಸಿ ಸಕ್ಕರೆ ಮಾಡುವ ಸಡಗರ, ಕೌದಿ ಹೊಲಿಯಲು ನೆರೆದ ಹೆಂಗಸರು. ಊರ ಪ್ರದರ್ಶನದಲ್ಲಿ ಆಕೆಯ ಜಾಮಿಗೆ ಬಹುಮಾನ ಬಂತು, ಚಿತ್ರಕ್ಕೆ ಬರಲಿಲ್ಲ!

1938ರಲ್ಲಿ ಔಷಧದ ಅಂಗಡಿಯ ಕಿಟಕಿಯಲ್ಲಿದ್ದ ಅವೇ ಚಿತ್ರಗಳನ್ನು ಸಂಗ್ರಾಹಕನೊಬ್ಬ ಕಂಡು ಕೊಂಡನು. 1940ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಪ್ರದರ್ಶನವಾಯಿತು. ಆ ವರ್ಷ ಸಭೆಯೊಂದರಲ್ಲಿ ಮಾತನಾಡಲು ಕರೆದರೆ, ಅಜ್ಜಿ ಚಿತ್ರಕಲೆಯ ಮಾತು ಬಿಟ್ಟು ತಾನು ಮಾಡಿದ ಹಣ್ಣಿನ ಮುರಬ್ಬದ ಮಾತಾಡಿದಳಂತೆ! ‘ಗ್ರ್ಯಾಂಡ್‌ಮಾ ಮೋಸೆಸ್’ ಎಂದು ಲೋಕವೆಲ್ಲ ಕರೆಯಿತು. 1961ರಲ್ಲಿ, 101ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಆಕೆ ಬರೆದ ಚಿತ್ರಗಳು 1500ಕ್ಕೂ ಮಿಕ್ಕಿದ್ದವು.

ಇದರಿಂದ ಕಲಿಯಬೇಕಾದುದೇನು? ಒಂದು ಕೆಲಸ ಕೈತಪ್ಪಿದಾಗ ಅಜ್ಜಿ ಕೈಕಟ್ಟಿ ಕೂರಲಿಲ್ಲ. ಕೈಗೆ ಎಟುಕುವ ಇನ್ನೊಂದನ್ನು ಹಿಡಿದಳು, ನಗುತ್ತಲೇ ಹಿಡಿದಳು. ಪಾಳಿ ಮುಗಿಸಿ ಬರುವ ಮಿತ್ರರೇ, ಅರ್ಧಕ್ಕೆ ಬಿಟ್ಟ ಪುಸ್ತಕವನ್ನು ಇಂದೇ ಮತ್ತೆ ತೆರೆಯೋಣ.