ಮಗ್ಗದ ಮನೆಯೂ ಆರೋಗ್ಯವೂ

ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ನಾಡಿನಲ್ಲೆಲ್ಲ ಹೆಸರಾದವು. ಇವುಗಳನ್ನು ನೇಯುವ ಅನೇಕ ಕುಟುಂಬಗಳಿಗೆ ಮನೆಯೇ ದುಡಿಮೆಯ ಸ್ಥಳ. ತಂದೆ ಕುಣಿಮಗ್ಗದಲ್ಲಿ ಕುಳಿತು ಲಾಳಿ ಹಾಯಿಸುತ್ತಾನೆ. ತಾಯಿ ಕಂಡಿಕೆ ಸುತ್ತುತ್ತಾಳೆ. ಅದೇ ಕೋಣೆಯ ತೊಟ್ಟಿಲಲ್ಲಿ ಕೂಸು ಮಲಗಿರುತ್ತದೆ. ಇಂತಹ ಮನೆಯಲ್ಲಿ ಒಬ್ಬರ ಕೆಮ್ಮು ಎಲ್ಲರ ಚಿಂತೆಯಾಗಬೇಕು.

ರೋಗ ಹರಡುವ ಬಗೆ

ಕ್ಷಯರೋಗಕ್ಕೆ ರೋಗಾಣುವೇ ಕಾರಣವೆಂದು ರಾಬರ್ಟ್ ಕಾಖ್ ಎಂಬ ವಿಜ್ಞಾನಿ 1882ರಲ್ಲಿ ತೋರಿಸಿಕೊಟ್ಟನು. ಶ್ವಾಸಕೋಶದ ಕ್ಷಯವುಳ್ಳವರು ಕೆಮ್ಮಿದಾಗ ಈ ರೋಗಾಣುಗಳು ಗಾಳಿಯನ್ನು ಸೇರುತ್ತವೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ತೇಲಾಡಬಲ್ಲವು. ಗಾಳಿ, ಬಿಸಿಲು ಧಾರಾಳವಾಗಿ ಬರುವಲ್ಲಿ ಅವುಗಳ ಬಲ ಕುಂದುತ್ತದೆ. ಇಳಕಲ್, ಹುನಗುಂದ ಭಾಗದ ಗ್ರಾನೈಟ್ ಗಣಿಗಳಲ್ಲಿ ದುಡಿಯುವವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಕಲ್ಲಿನ ಧೂಳು ಶ್ವಾಸಕೋಶವನ್ನು ಕೆಡಿಸಿ ಕ್ಷಯಕ್ಕೆ ದಾರಿಮಾಡಿಕೊಡುತ್ತದೆ. ಆದುದರಿಂದ ಕಲ್ಲಿಗೆ ನೀರು ಹಾಯಿಸಿ ಕೆಲಸ ಮಾಡುವುದೂ ಧೂಳು ತಡೆಯುವ ಮುಖಕವಚ ಧರಿಸುವುದೂ ಅವಶ್ಯ.

ಮುಚ್ಚಿಡುವುದು ಬೇಡ

ಸುದ್ದಿ ಹಬ್ಬಿದರೆ ಸೀರೆ ಕೊಳ್ಳುವವರಿಲ್ಲ, ಮಗಳಿಗೆ ಸಂಬಂಧ ಬಾರದು ಎಂದು ಅಂಜಿ ಕೆಮ್ಮನ್ನು ಮುಚ್ಚಿಡುವವರುಂಟು. ಈ ಅಂಜಿಕೆಗೆ ಆಧಾರವಿಲ್ಲ. ನೇಯ್ದ ಬಟ್ಟೆಯಿಂದಾಗಲಿ, ಉಂಡ ತಟ್ಟೆಯಿಂದಾಗಲಿ ಕ್ಷಯ ಹರಡುವುದಿಲ್ಲ. ಅದು ವಂಶದ ದೋಷವೂ ಅಲ್ಲ. ಮುಚ್ಚಿಟ್ಟ ಕೆಮ್ಮೇ ತೊಟ್ಟಿಲ ಕೂಸಿಗೆ ಅಪಾಯಕಾರಿ.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ – ಇವುಗಳಲ್ಲಿ ಯಾವುದೊಂದು ಕಂಡರೂ ಕಫ ಪರೀಕ್ಷೆ ಮಾಡಿಸಿರಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಹಾಗೂ ಔಷಧಿ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಬೇಕು. ಕೆಲವು ವಾರಗಳಲ್ಲಿ ಕೆಮ್ಮು ನಿಂತಿತೆಂದು ಗುಳಿಗೆಗಳನ್ನು ಬಿಟ್ಟರೆ ಉಳಿದ ರೋಗಾಣುಗಳು ಔಷಧಿಗೆ ಮಣಿಯದಂತಾಗಬಹುದು.

ಮನೆಯವರು ಪಾಲಿಸಬೇಕಾದ ನಿಯಮಗಳು

1. ಮಗ್ಗದ ಕೋಣೆಯ ಬಾಗಿಲು, ಕಿಟಕಿಗಳನ್ನು ಹಗಲೆಲ್ಲ ತೆರೆದಿಡಿರಿ.
2. ಕೆಮ್ಮುವಾಗ ಬಾಯಿಗೆ ವಸ್ತ್ರ ಹಿಡಿಯಿರಿ.
3. ಮಗ್ಗದ ಕುಣಿಯಲ್ಲಿಯೂ ಅಂಗಳದಲ್ಲಿಯೂ ಉಗುಳಬೇಡಿರಿ. ಕಫವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಿಡಿಯಿರಿ.
4. ಮಗ್ಗದಿಂದ ಎದ್ದ ಮೇಲೆ, ಊಟಕ್ಕೆ ಮುಂಚೆ, ಶೌಚದ ನಂತರ ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ವಾಂತಿಭೇದಿಯ ರೋಗಾಣುಗಳು ಕೈಗಳ ಮೂಲಕವೂ ಹೊಟ್ಟೆ ಸೇರುತ್ತವೆ.
5. ಹುಟ್ಟಿದ ಕೂಸಿಗೆ ತಪ್ಪದೆ ಬಿ.ಸಿ.ಜಿ. ಲಸಿಕೆ ಹಾಕಿಸಿರಿ.

ಒಂದು ಎಳೆ ಕಡಿದರೆ ನೇಕಾರನು ಮಗ್ಗ ನಿಲ್ಲಿಸಿ ಅದನ್ನು ಕೂಡಿಸಿ ಮುಂದೆ ನೇಯುತ್ತಾನೆ. ಮನೆಯವರ ಆರೋಗ್ಯದ ವಿಷಯದಲ್ಲಿಯೂ ಅಷ್ಟೇ ತಡಮಾಡದ ಎಚ್ಚರವಿರಲಿ.