ಈಮೇಲ್ ಪತ್ರದ ಗುರುತಿನ ಲೆಕ್ಕ



ಗಣಕಯಂತ್ರದ ಮೂಲಕ ನಮಗೆ ಬರುವ ಈಮೇಲ್ ಪತ್ರಗಳಲ್ಲಿ ಓದಿದುವು ಯಾವುವು, ಓದದೆ ಉಳಿದುವು ಯಾವುವು, ಉತ್ತರ ಕೊಟ್ಟುವು ಯಾವುವು ಎಂಬುದನ್ನು ಯಂತ್ರವು ಮರೆಯದೆ ತೋರಿಸುತ್ತದಷ್ಟೆ. ಈ ನೆನಪಿನ ಮೂಲವು ಕೆಳತರಗತಿಯ ಬಾಲಿಕೆಯೂ ಮಾಡಬಲ್ಲ ಕೂಡುವ ಲೆಕ್ಕವೇ ಆಗಿದೆ.

ಹಿಂದೆ ನಮ್ಮ ಅಡಿಗೆಮನೆಗಳಲ್ಲಿದ್ದ ಅಳತೆಗಳನ್ನು ನೆನೆಯಿರಿ. ಪಾವಿನ ಇಮ್ಮಡಿ ಅಚ್ಚೇರು. ಅಚ್ಚೇರಿನ ಇಮ್ಮಡಿ ಸೇರು. ಯಾವುದನ್ನೂ ಒಂದು ಸಲಕ್ಕಿಂತ ಹೆಚ್ಚು ಬಳಸದೆ ಐದು ಪಾವು ಅಕ್ಕಿಯನ್ನು ಅಳೆದರೆಂದು ಕೇಳಿದೊಡನೆ, ಸೇರೂ ಪಾವೂ ಬಳಕೆಯಾದುವು, ಅಚ್ಚೇರು ಬಳಕೆಯಾಗಲಿಲ್ಲವೆಂದು ನೋಡದೆಯೇ ಹೇಳಬಹುದು. ಒಂದು ಮೊತ್ತಕ್ಕೆ ವಿಂಗಡಣೆಯೂ ಒಂದೇ.

ಥಂಡರ್‌ಬರ್ಡ್ ಎಂಬ ಈಮೇಲ್ ತಂತ್ರಾಂಶವು ಈ ಕ್ರಮವನ್ನೇ ಅನುಸರಿಸುತ್ತದೆ. ಅದರ ರೂಢಿಯ ಏರ್ಪಾಡಿನಲ್ಲಿ ಒಂದು ಪೆಟ್ಟಿಗೆಯ ಪತ್ರಗಳೆಲ್ಲವೂ ಒಂದೇ ಕಡತದಲ್ಲಿ ಸಾಲಾಗಿ ಇರುತ್ತವೆ. ಪತ್ರದ ತಲೆಭಾಗದಲ್ಲಿ ‘ಎಕ್ಸ್-ಮೊಜಿಲ್ಲಾ-ಸ್ಟೇಟಸ್’ ಎಂಬ ಸಾಲೂ ಅದರ ಮುಂದೆ ನಾಲ್ಕು ಅಂಕಸ್ಥಾನಗಳೂ ಉಂಟು. ಬಲತುದಿಯ ಸ್ಥಾನದಲ್ಲಿ ಓದಿದ್ದಕ್ಕೆ 1, ಉತ್ತರಿಸಿದ್ದಕ್ಕೆ 2, ನಕ್ಷತ್ರವಿಟ್ಟುದಕ್ಕೆ 4, ಅಳಿಸಿದ್ದಕ್ಕೆ 8. ಮೊತ್ತವು ಒಂಬತ್ತನ್ನು ಮೀರಿದರೆ ‘ಎ’ ಮೊದಲಾದ ಆರು ಇಂಗ್ಲಿಷ್ ಅಕ್ಷರಗಳನ್ನು ಉಪಯೋಗಿಸುವರು. 0003 ಎಂದಿದ್ದರೆ ಓದಿ ಉತ್ತರಿಸಿದ ಪತ್ರ. 0005 ಎಂದಿದ್ದರೆ ಓದಿ ನಕ್ಷತ್ರವಿಟ್ಟ, ಆದರೆ ಉತ್ತರ ಬಾಕಿಯಿರುವ ಪತ್ರ. ಸ್ಥಾನಗಳು ನಿಶ್ಚಿತವಾದುದರಿಂದ ಹಳೆಯ ಅಂಕದ ಮೇಲೆಯೇ ಹೊಸದನ್ನು ಬರೆಯಬಹುದು. ಮುಂದಿನ ಪತ್ರಗಳು ಕದಲುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. 0003 ಎಂಬ ಪತ್ರವನ್ನು ಮತ್ತೊಮ್ಮೆ ಓದಿದಾಗ ಇನ್ನೊಂದು ಕೂಡಿದರೆ 0004 ಆಗಿ, ಓದಿದ್ದೂ ಉತ್ತರಿಸಿದ್ದೂ ಮಾಯವಾಗಿ ನಕ್ಷತ್ರ ಮೂಡೀತು! ಆದಕಾರಣ ಯಂತ್ರವು ಬರಿದೆ ಕೂಡುವುದಿಲ್ಲ. ಇಲ್ಲದ ಗುರುತನ್ನು ಇಡುತ್ತದೆ, ಇದ್ದ ಗುರುತನ್ನು ಇದ್ದಂತೆಯೇ ಬಿಡುತ್ತದೆ. ಉರಿಯುವ ದೀಪವನ್ನು ಎರಡನೆಯ ಸಲ ಹೊತ್ತಿಸುವುದುಂಟೇ? ಹೌದು, ಅಲ್ಲ ಎಂಬುದನ್ನು ಮಾತ್ರ ತಿಳಿಸುವ ಇಂಥ ಒಂದೊಂದು ಗುರುತಿನ ಸ್ಥಾನಕ್ಕೆ ‘ಬಿಟ್’ ಎಂದು ಹೆಸರು.

ಕೊನೆಯದಾಗಿ ಎಂಟರ ವಿಷಯ. ಓದಿದ ಪತ್ರವನ್ನು ಅಳಿಸಿದಾಗ ಅಂಕವು 0009 ಆಗಿ, ಪತ್ರವು ಪಟ್ಟಿಯಿಂದ ಮರೆಯಾಗುವುದು. ಆದರೆ ‘ಕಾಂಪ್ಯಾಕ್ಟ್’ ಎಂಬ ಕಾರ್ಯ ನಡೆಯುವ ತನಕ ಅದರ ಅಕ್ಷರಗಳೆಲ್ಲ ಆ ಕಡತದಲ್ಲಿಯೇ ಇರುವುವು. ಕೈತಪ್ಪಿ ಅಳಿಸಿದ ಮಗಳ ಪತ್ರವು ಕಡತದಲ್ಲಿ ಹುಡುಕಿದರೆ ದೊರೆತೀತು. ಗುಟ್ಟಿನ ಪತ್ರವೂ ಹಾಗೆಯೇ ಪರರ ಕಣ್ಣಿಗೆ ಬಿದ್ದೀತು. ಗಣಕಯಂತ್ರವನ್ನು ಇತರರಿಗೆ ಒಪ್ಪಿಸುವ ಮುನ್ನ ಪತ್ರ ಅಳಿಯಿತೆಂದು ನಿಶ್ಚಿಂತರಾಗದಿರಿ; ಅಳಿದುದು ಪತ್ರವೋ, ಇಟ್ಟುದು ಗುರುತೋ ಎಂಬುದನ್ನು ವಿಚಾರಿಸಿ ನೋಡಿರಿ.