ಕಡಲೆ ಹಿಟ್ಟಿನ ಆಮ್ಲೆಟ್: ಹಂಚಿನ ಮುಂದೆ ಕಲಿತದ್ದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ತತ್ತಿ ಮುಟ್ಟದ ಜೈನ, ಲಿಂಗಾಯತ ಮನೆಗಳು ಬಹಳ. ಆ ಮನೆಯ ಮಕ್ಕಳೂ ಆಮ್ಲೆಟ್ ಬೇಕೆನ್ನುತ್ತಾರೆ. ಅವರಿಗಾಗಿಯೇ ಇದೆ ಕಡಲೆ ಹಿಟ್ಟಿನ ಟೊಮ್ಯಾಟೊ ಆಮ್ಲೆಟ್. ಮರಾಠಿಯವರ ಧಿರಡೆಗೆ ಹತ್ತಿರದ ನೆಂಟ. ಚಿಕ್ಕೋಡಿಯ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಮಾಡಿ ಕಲಿತದ್ದನ್ನು ಬರೆದಿದ್ದೇನೆ.

1. ಕೆಡುವುದೆಲ್ಲ ನೀರಿನಿಂದಲೇ. ಮೊದಮೊದಲು ಹಿಟ್ಟು, ಉಪ್ಪು, ಹೆಚ್ಚಿದ ಟೊಮ್ಯಾಟೊ ಎಲ್ಲ ಒಟ್ಟಿಗೆ ಕಲಸಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದೆ. ಬಂದು ನೋಡಿದರೆ ಅಂಬಲಿ! ಉಪ್ಪು ತಾಗಿದರೆ ಕಾಯಿಪಲ್ಲೆ ನೀರು ಬಿಡುತ್ತದೆ. ಈಗ ಒಂದು ಬಟ್ಟಲು ಹಿಟ್ಟಿಗೆ ಸುಮಾರು ಮುಕ್ಕಾಲು ಬಟ್ಟಲು ನೀರನ್ನು ಸ್ವಲ್ಪಸ್ವಲ್ಪ ಹಾಕಿ, ಗಂಟಿಲ್ಲದಂತೆ ಕಲಸಿ, ಅರಿಷಿಣ, ಅಜವಾನ ಸೇರಿಸಿ 10 ನಿಮಿಷ ನೆನೆಯಲು ಬಿಡುತ್ತೇನೆ. ಟೊಮ್ಯಾಟೊದ ಬೀಜ ತೆಗೆಯುತ್ತೇನೆ. ಕಾಯಿಪಲ್ಲೆ, ಹಸಿಮೆಣಸಿನಕಾಯಿ, ಉಪ್ಪು ಹಿಟ್ಟಿಗೆ ಬೀಳುವುದು ಹಂಚು ಕಾದ ಮೇಲೆಯೇ.

2. ಎರಡು ಚಮಚ ಜೋಳದ ಹಿಟ್ಟು ಬೆರೆಸಿ, ಅಂಚು ಗರಿಗರಿ ಆಗುತ್ತದೆ. ಸೋಡಾ ಬೇಡವೇ ಬೇಡ.

3. ರೊಟ್ಟಿ ಬೇಯಿಸುವ ಒಣ ಹಂಚಿಗೆ ಹಿಟ್ಟು ಕಚ್ಚಿಕೊಳ್ಳುತ್ತದೆ. ಅರಿವೆಯಿಂದ ಎಣ್ಣೆ ಸವರಿ, ಹಿಟ್ಟು ಹರಡಿ, ನಡು ಉರಿಯಲ್ಲಿ ಎರಡು ನಿಮಿಷ ಮುಚ್ಚಿಡಿ. ಅಂಚು ತಾನಾಗಿ ಬಿಟ್ಟಾಗ ಹೊರಳಿಸಿ. ಅವಸರ ಮಾಡಿದರೆ ಒಳಗೆ ಹಸಿ ಹಿಟ್ಟಿನ ವಾಸನೆ ಉಳಿಯುತ್ತದೆ.

4. ಯಾರಿಗೆ ಬಡಿಸುತ್ತೇವೆ ಎಂಬುದು ಮೊದಲೇ ಗೊತ್ತಿರಬೇಕು. ಜೈನ ಮುನಿಗಳಾದ ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ ಸದಲಗಾ, ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ ಶೇಡಬಾಳ ಎರಡೂ ಇದೇ ಸೀಮೆಯವು. ಇಲ್ಲಿನ ಎಷ್ಟೋ ಮನೆಗಳಲ್ಲಿ ಊಟದ ನೇಮ ಬಲು ಗಟ್ಟಿ. ನೇಮದವರಿಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಗಜ್ಜರಿ ನಡೆಯುವುದಿಲ್ಲ. ಚಾತುರ್ಮಾಸದಲ್ಲಿ ಸೊಪ್ಪನ್ನೂ ಬಿಡುವವರಿದ್ದಾರೆ, ಆಗ ಕೊತ್ತಂಬರಿಯೂ ಇಲ್ಲ. ಒಮ್ಮೆ ಹುಳಿಗೆಂದು ಮೊಸರು ಹಾಕಿದ್ದೆ. ಪಕ್ಕದ ಮನೆಯ ವೈನಿ ತಟ್ಟೆ ಮುಟ್ಟಲಿಲ್ಲ. ಬೇಳೆಯ ಹಿಟ್ಟಿಗೆ ಹಸಿ ಮೊಸರು ಕೂಡಿದರೆ ದ್ವಿದಳದ ದೋಷ ಎಂದು ಮೆಲ್ಲಗೆ ತಿಳಿಸಿದರು. ಹಸಿದು ಬಂದವರನ್ನು ಹಾಗೇ ಕಳಿಸಿದ ನೋವು ನನಗೆ ಇನ್ನೂ ಇದೆ. ಅಂದಿನಿಂದ ಹುಳಿಗೆ ಟೊಮ್ಯಾಟೊ ಅಷ್ಟೇ. ನೇಮದವರಿಗೆ ಹೊತ್ತು ಮುಳುಗುವ ಮೊದಲೇ ಬಡಿಸುತ್ತೇನೆ.

5. ತತ್ತಿ ತಿನ್ನುವವರ ಆಮ್ಲೆಟ್‌ಗೆ ಬೇರೆ ಹಂಚು, ಬೇರೆ ಸೌಟು ಇಟ್ಟಿದ್ದೇನೆ. ಎರಡು ತತ್ತಿಗೆ ಒಂದು ಹಿಡಿ ಕಾಯಿಪಲ್ಲೆ ಸಾಕು. ಅದನ್ನು ಮೊದಲು ಹುರಿದು ನೀರು ಆರಿಸಿಕೊಳ್ಳಿ.

6. ಬಿಸಿ ಇದ್ದಾಗಲೇ ತಿನ್ನಬೇಕು, ಆರಿದರೆ ಬಿರುಸಾಗುತ್ತದೆ. ಜೊತೆಗೆ ಶೇಂಗಾ ಚಟ್ನಿ, ಇಲ್ಲವೇ ಖಾರದ ರಂಜಕ, ನೇಮದವರಿಗಾದರೆ ಬಳ್ಳೊಳ್ಳಿ ಇಲ್ಲದ್ದು. ಒಂದು ಬಟ್ಟಲು ಹಿಟ್ಟಿಗೆ ನಾಲ್ಕು ಆಮ್ಲೆಟ್ ಆಗುತ್ತವೆ. ಮನೆಗೆ ಯಾರಾದರೂ ಬಂದಿದ್ದರೆ, ಉಳ್ಳಾಗಡ್ಡಿ ಹೆಚ್ಚುವ ಮೊದಲು ಅವರನ್ನೊಮ್ಮೆ ಕೇಳಿ.